ನಿವೃತ್ತ ಬಂದೂಕು

ಯುದ್ಧವು ಮುಗಿದ ಮೇಲೆ ದಂಡಿನ ಬಂದೂಕುಗಳ ಗತಿಯೇನೆಂದು ವಾಚಕರು ಯೋಚಿಸಿರುವರೋ ಇಲ್ಲವೋ ಅರಿಯೆ. ಆಸ್ಟ್ರೇಲಿಯಾದಲ್ಲಿ ಅವುಗಳಲ್ಲಿ ಎಷ್ಟೋ ಹಂದಿಬೇಟೆಗೆ ಸಂದವು.

ಆ ಖಂಡದಲ್ಲಿ ಮೊದಲು ಹಂದಿಯೇ ಇರಲಿಲ್ಲ. 1788ರಲ್ಲಿ ಆಂಗ್ಲೇಯರ ಹಡಗುಗಳಲ್ಲಿ ಬಂದ ಸಾಕುಹಂದಿಗಳೂ ಆಮೇಲೆ ತಂದವುಗಳೂ ತಪ್ಪಿಸಿಕೊಂಡು ಕಾಡಿನಲ್ಲಿ ಹಬ್ಬಿದವು. ವರಾಹವೆಂದರೆ ನಮಗೆ ಭೂಮಿಯನ್ನು ಎತ್ತಿದ ಮೂರ್ತಿ. ಅಲ್ಲಿಯ ಕೃಷಿಕನಿಗೆ ಹೊಲವನ್ನು ಬುಡಮೇಲು ಮಾಡಿ ಕುರಿಮರಿಗಳನ್ನೂ ತಿನ್ನುವ ಪೀಡೆ. ಲಿತ್‌ಗೋ ಎಂಬಲ್ಲಿ 1912ರಲ್ಲಿ ತೆರೆದ ಸರ್ಕಾರೀ ಕಾರ್ಖಾನೆಯಲ್ಲಿ ದಂಡಿಗಾಗಿ ತಯಾರಾದ ಲೀ-ಎನ್‌ಫೀಲ್ಡ್ ರೈಫಲ್ 1945ರ ತರುವಾಯ ಅಗ್ಗವಾಗಿ ಅವನ ಕೈಸೇರಿತು. ಹತ್ತು ತೋಟಾ ಹಿಡಿಯುವ, ಧೂಳುಕೆಸರುಗಳಿಗೆ ಅಂಜದ ಆಯುಧವದು.

ತೊಡಕಿರುವುದು ಗುಂಡಿನಲ್ಲಿ. ಯುದ್ಧದ ಗುಂಡಿನ ಸೀಸಕ್ಕೆ ತುದಿಯವರೆಗೂ ಗಟ್ಟಿಲೋಹದ ಕವಚವುಂಟು. ಅದು ಹಂದಿಯ ದೇಹದಲ್ಲಿ ಅರಳದೆ ತೂರಿಹೋದರೆ ಪ್ರಾಣಿಯು ಪೊದೆಯನ್ನು ಹೊಕ್ಕು ಗಂಟೆಗಟ್ಟಲೆ ನರಳೀತು. ತುದಿಯಲ್ಲಿ ಸೀಸವು ಬಯಲಾಗಿರುವ ಮೃದುಮುಖದ ಗುಂಡಾದರೋ ಒಳಹೊಕ್ಕೊಡನೆ ಅರಳುವುದು. ಮರ್ಮಸ್ಥಾನಕ್ಕೆ ತಗುಲಿದರೆ ಮರಣವು ಶೀಘ್ರ.

ಇಂತಹ ಗುಂಡನ್ನು 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಶಾಲೆಯಲ್ಲಿಯೇ ಮಾಡಿದ್ದರು. ಅದರಿಂದಾಗುವ ಗಾಯವು ಘೋರವೆಂದು 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಮನುಷ್ಯನ ವಿಷಯದಲ್ಲಿ ಕ್ರೌರ್ಯವೆನಿಸಿದ್ದು ಹಂದಿಯ ವಿಷಯದಲ್ಲಿ ದಯೆಯಾಯಿತು! ವಿಚಿತ್ರವೆನಿಸಬಹುದು, ಆದರೆ ಗಾಯಗೊಂಡ ಸಿಪಾಯಿಗೆ ವೈದ್ಯನುಂಟು, ಪೊದೆಯೊಳಗಿನ ಹಂದಿಗೆ ಯಾರು? ಆ ನಿಷೇಧವು ಬೇಟೆಗೆ ಅನ್ವಯಿಸದು. ಆದುದರಿಂದ ಬಲ್ಲ ಬೇಟೆಗಾರನು, ಬಂದೂಕು ದಂಡಿನದಾದರೂ, ದಂಡಿನ ಹಳೆಯ ತೋಟಾಗಳನ್ನು ಗುರಿಯ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡು, ಹಂದಿಗೆ ಮೃದುಮುಖದ ತೋಟಾವನ್ನೇ ತುಂಬುತ್ತಾನೆ.