ತವರೂರು ಒಂದೇ ಎಂಬ ಹಟ

2019ರ ಅಕ್ಟೋಬರ್ ಕೊನೆಯಲ್ಲಿ ಹಲವು ದೇಶಗಳ ಪತ್ರಿಕೆಗಳು ಒಂದೇ ಸುದ್ದಿಯನ್ನು ಸಂಭ್ರಮದಿಂದ ಅಚ್ಚು ಹಾಕಿದವು: ಮನುಕುಲದ ತವರೂರು ಸಿಕ್ಕಿತು! ಆಫ್ರಿಕಾದ ಬೋಟ್ಸ್‌ವಾನಾ ದೇಶದ ಉತ್ತರಕ್ಕಿರುವ ಮಕ್ಗಾಡಿಕ್ಗಾಡಿ ಎಂಬ ಉಪ್ಪಿನ ಬಯಲು ಅದು. ಎರಡು ಲಕ್ಷ ವರ್ಷಗಳ ಹಿಂದೆ ಅಲ್ಲಿ ವಿಶಾಲವಾದ ಜೌಗುನೆಲವಿತ್ತು, ಇಂದು ಬದುಕಿರುವ ಮನುಷ್ಯರ ಮೂಲ ಅಲ್ಲಿದೆ ಎಂದು 'ನೇಚರ್' ಪತ್ರಿಕೆಯ ಪ್ರಬಂಧವೊಂದು ಹೇಳಿತ್ತು. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಉತ್ತರ. ಸುದ್ದಿಗೆ ಇನ್ನೇನು ಬೇಕು? ಆದರೆ ಉತ್ತರ ಎಷ್ಟೇ ಅಂದವಾಗಿರಲಿ, ಮನುಷ್ಯ ಹುಟ್ಟಿದ ಊರು ಯಾವುದು ಎಂಬ ಪ್ರಶ್ನೆಯೇ ಸರಿಯಿಲ್ಲ.

ಆ ಸಂಶೋಧನೆ ನೆಚ್ಚಿಕೊಂಡದ್ದು ಮೈಟೊಕಾಂಡ್ರಿಯದ ಡಿಎನ್‌ಎಯನ್ನು. ಇದು ಮಕ್ಕಳಿಗೆ ತಾಯಿಯಿಂದ ಮಾತ್ರ ಬರುತ್ತದೆ, ತಾಯಿಗೆ ಅವಳ ತಾಯಿಯಿಂದ. 'ನಿಮ್ಮ ಮೂಲ ಯಾವ ಊರು?' ಎಂದು ಕೇಳಿದರೆ ನಮ್ಮಲ್ಲಿ ಅಪ್ಪ, ಅಜ್ಜ, ಮುತ್ತಜ್ಜನ ಊರನ್ನು ಹೇಳುವುದು ವಾಡಿಕೆ. ಅಮ್ಮನ ಊರು, ಅಜ್ಜಿಯರ ಊರು ಲೆಕ್ಕಕ್ಕಿಲ್ಲ. ಮೈಟೊಕಾಂಡ್ರಿಯ ಅದೇ ವಾಡಿಕೆಯನ್ನು ಹೆಣ್ಣಿನ ಕಡೆಯಿಂದ ಪಾಲಿಸುತ್ತದೆ, ಅಷ್ಟೇ. ಹತ್ತು ತಲೆಮಾರು ಹಿಂದೆ ಸರಿದರೆ ವಂಶಾವಳಿಯಲ್ಲಿ 1,024 ಸ್ಥಾನಗಳು. ಈ ಡಿಎನ್‌ಎ ಹೇಳುವುದು ಅವುಗಳಲ್ಲಿ ಒಬ್ಬಾಕೆಯ ಕತೆಯನ್ನು. ಮಿಕ್ಕ 1,023 ಮಂದಿ ಎಲ್ಲಿದ್ದರು? ಅದೂ ಓದಿದ್ದು ಈಗ ಬದುಕಿರುವವರ ಡಿಎನ್‌ಎಯನ್ನು. ಎರಡು ಲಕ್ಷ ವರ್ಷ ಯಾರೂ ಗುಳೆ ಹೋಗಲೇ ಇಲ್ಲವೆ?

ಮೂಳೆಗಳು ಹೇಳುವ ಕತೆ ಬೇರೆ. 1961ರಲ್ಲಿ ಮೊರಾಕ್ಕೊದ ಜೆಬೆಲ್ ಇರ್ಹೌದ್ ಎಂಬಲ್ಲಿ ಬರೈಟ್ ಗಣಿ ಅಗೆಯುತ್ತಿದ್ದವರಿಗೆ ತಲೆಬುರುಡೆಯೊಂದು ಸಿಕ್ಕಿತು. ಅಳಿದುಹೋದ ಮಾನವಕುಲವಾದ ನಿಯಾಂಡರ್ತಾಲರದಿರಬೇಕು, 40,000 ವರ್ಷ ಹಳೆಯದಿರಬಹುದು ಎಂದು ವಿದ್ವಾಂಸರು ಷರಾ ಬರೆದರು. ಫ್ರಾನ್ಸಿನ ಜಾನ್ ಜಾಕ್ ಉಬ್ಲಾಂ 2004ರಲ್ಲಿ ಮತ್ತೆ ಅಲ್ಲಿ ಅಗೆಯಲು ತೊಡಗಿದರು. ಕನಿಷ್ಠ ಐವರ ಮೂಳೆಗಳು ದೊರೆತವು; ಅದೇ ಪದರದಲ್ಲಿ ಹಿಂದೆಂದೋ ಬೆಂಕಿಯ ಶಾಖಕ್ಕೆ ಸಿಕ್ಕಿದ್ದ ಚಕಮಕಿ ಕಲ್ಲಿನ ಆಯುಧಗಳೂ ಇದ್ದವು. ಕಾದ ಕಲ್ಲು ತನ್ನೊಳಗೆ ಕೂಡಿಟ್ಟ ಶಕ್ತಿಯನ್ನೆಲ್ಲ ಬಿಟ್ಟುಕೊಡುತ್ತದೆ. ಆಮೇಲೆ ನೆಲದ ವಿಕಿರಣದಿಂದ ಹೊಸದಾಗಿ ಎಷ್ಟು ಕೂಡಿದೆ ಎಂದು ಅಳೆದರೆ ಅದರ ವಯಸ್ಸು ಗೊತ್ತಾಗುತ್ತದೆ. 2017ರಲ್ಲಿ ಬಂದ ಉತ್ತರ: ಸುಮಾರು ಮೂರು ಲಕ್ಷ ವರ್ಷ! ಆ ಮುಖ ಇಂದಿನವರ ಮುಖಕ್ಕೆ ತೀರ ಹತ್ತಿರ. ಬುರುಡೆಯ ಹಿಂಭಾಗ ಮಾತ್ರ ಹಳೆಯ ಮಾನವರದರಂತೆ ಉದ್ದ, ತಗ್ಗು. ಆಧುನಿಕ ಮಾನವರದೆಂದು ಒಪ್ಪಲಾದ ಇಥಿಯೋಪಿಯದ ಓಮೊ ಕಿಬಿಷ್ ಬುರುಡೆಗೆ ಕನಿಷ್ಠ 2,30,000 ವರ್ಷ. ಖಂಡದ ಒಂದು ಮೂಲೆಯಲ್ಲಿ ಮುಖ ಮೊದಲು ರೂಪುಗೊಂಡಿದೆ. ತಲೆಯ ದುಂಡುತನ ಎಷ್ಟೋ ಕಾಲದ ನಂತರ ಬಂದಿದೆ. ಹಾಗಾದರೆ ತವರು ಒಂದು ಊರಲ್ಲ, ಇಡೀ ಆಫ್ರಿಕಾ.

ಒಂದೇ ತವರಿನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಆಲನ್ ವಿಲ್ಸನ್ 147 ಜನರ ಮೈಟೊಕಾಂಡ್ರಿಯವನ್ನು ಹೋಲಿಸಿ ಎಲ್ಲರ ತಾಯಿಬೇರನ್ನು ಆಫ್ರಿಕಾಕ್ಕೆ ಒಯ್ದು ನಿಲ್ಲಿಸಿದರು. ಏಷ್ಯಾದವರು, ಯೂರೋಪಿನವರು ಆಯಾ ಖಂಡಗಳ ಹಳೆಯ ಮಾನವರಿಂದ ಬಹುಮಟ್ಟಿಗೆ ಅಲ್ಲಲ್ಲೇ ವಿಕಾಸಗೊಂಡರು ಎಂಬ ವಾದದ ಬೆನ್ನುಮೂಳೆ ಮುರಿದದ್ದು ಇದರಿಂದ. ಇನ್ನೊಂದು ಆಕ್ಷೇಪವಂತೂ ಚುಚ್ಚುವಂಥದ್ದು: 'ಇಡೀ ಆಫ್ರಿಕಾವೇ ತವರು' ಎಂದರೆ ಏನು ಸಿಕ್ಕರೂ ಒಗ್ಗಿಸಿಕೊಳ್ಳಬಹುದಾದ ಜಾಣ ಉತ್ತರವಾಗುವುದಿಲ್ಲವೆ? ಪರೀಕ್ಷೆಗೆ ಒಡ್ಡಲಾಗದ ಮಾತನ್ನು ವಿಜ್ಞಾನ ಎನ್ನುವುದು ಹೇಗೆ?

ಆದರೆ ಪರೀಕ್ಷೆ ನಡೆದಿದೆ. ಆಧುನಿಕ ಲಕ್ಷಣಗಳು ಒಂದೇ ಊರಿನಲ್ಲಿ ಒಟ್ಟಿಗೆ ಬಂದಿದ್ದರೆ ಬುರುಡೆಗಳಲ್ಲೂ ಒಟ್ಟಿಗೆ ಕಾಣಬೇಕಿತ್ತು. ಹಾಗೆ ಕಾಣಲಿಲ್ಲ. ಮಿದುಳು ಇಂದಿನ ದುಂಡು ಆಕಾರಕ್ಕೆ ಬಂದದ್ದು ಒಂದು ಲಕ್ಷದಿಂದ 35,000 ವರ್ಷಗಳ ಹಿಂದಿನ ಅವಧಿಯಲ್ಲಿ ಎಂದು 2018ರ ಅಧ್ಯಯನವೊಂದು ತೋರಿಸಿತು. 2023ರಲ್ಲಿ ದಕ್ಷಿಣ ಆಫ್ರಿಕಾದ ನಾಮ ಜನರೂ ಸೇರಿದಂತೆ ಹಲವರ ಪೂರ್ಣ ಜೀನೋಮನ್ನು ಇಟ್ಟುಕೊಂಡು ಬೇರೆ ಬೇರೆ ಮಾದರಿಗಳನ್ನು ತೂಗಿದಾಗ, ಲಕ್ಷಾಂತರ ವರ್ಷ ತುಸು ದೂರವಿದ್ದೂ ಆಗಾಗ ಬೆರೆಯುತ್ತಿದ್ದ ಗುಂಪುಗಳ ಮಾದರಿಯೇ ಚೆನ್ನಾಗಿ ಹೊಂದಿತು. ಸಹರಾ ಕೆಲವು ಕಾಲ ಹಸಿರಾಗಿ, ಕೆಲವು ಕಾಲ ಮರಳಾಗಿ ಈ ಜನರನ್ನು ಕೂಡಿಸುತ್ತ, ಅಗಲಿಸುತ್ತ ಇದ್ದಿರಬೇಕು.

ಇದನ್ನೇ ಹಿಡಿದು 'ಆಫ್ರಿಕಾ ಸಿದ್ಧಾಂತ ಬಿತ್ತು, ಮನುಷ್ಯ ಹುಟ್ಟಿದ್ದು ಭಾರತದಲ್ಲೇ' ಎಂದು ವಾಟ್ಸ್ಆ್ಯಪಿನಲ್ಲಿ ಕುಣಿಯುವವರು ಓದಿನ ಗೋಜಿಗೆ ಹೋಗದವರು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಳೆಯ ಕಲ್ಲಿನ ಆಯುಧಗಳು ಸಿಕ್ಕಿರುವುದು ನಿಜ. ಅವನ್ನು ಮಾಡಿದವರು ಹೋಮೋ ಸೇಪಿಯನ್ಸ್ ಹುಟ್ಟುವ ಎಷ್ಟೋ ಮೊದಲಿನ ಬೇರೊಂದು ಮಾನವಕುಲದವರು.

ಆಫ್ರಿಕಾ ಬಿಟ್ಟು ಹೊರಟವರೂ ಬೆರೆಯುವುದನ್ನು ಬಿಡಲಿಲ್ಲ. ನಿಯಾಂಡರ್ತಾಲರ ಅಂಶ ಆಫ್ರಿಕಾದ ಹೊರಗಿನ ಎಲ್ಲರಲ್ಲೂ ಇದೆಯೆಂದು ಸ್ವಾಂಟೆ ಪಾಬೋ ತಂಡ 2010ರಲ್ಲಿ ತೋರಿಸಿತು. ನಿಯಾಂಡರ್ತಾಲ್ ತಾಯಿಗೂ ಡೆನಿಸೋವನ್ ಎಂಬ ಇನ್ನೊಂದು ಅಳಿದ ಮಾನವಕುಲದ ತಂದೆಗೂ ಹುಟ್ಟಿದ ಹುಡುಗಿಯೊಬ್ಬಳ ಮೂಳೆಯ ಚೂರು ಸೈಬೀರಿಯದ ಗುಹೆಯಲ್ಲಿ ಸಿಕ್ಕಿದೆ. ಅಂಥ ಬೆರಕೆಯ ಲೆಕ್ಕ ಕೋವಿಡ್ ಕಾಲದಲ್ಲಿ ಆಸ್ಪತ್ರೆಯವರೆಗೂ ಬಂತು. ಸೋಂಕನ್ನು ಉಲ್ಬಣಗೊಳಿಸುವ ಮೂರನೇ ಕ್ರೋಮೋಸೋಮಿನ ತುಣುಕೊಂದು ನಿಯಾಂಡರ್ತಾಲರಿಂದ ಬಂದದ್ದೆಂದು 2020ರಲ್ಲಿ ಹ್ಯೂಗೊ ಝೆಬರ್ಗ್ ಮತ್ತು ಪಾಬೋ ಕಂಡುಕೊಂಡರು. ಯೂರೋಪಿನಲ್ಲಿ ಅದನ್ನು ಹೊತ್ತಿರುವವರು ನೂರಕ್ಕೆ ಸುಮಾರು 16 ಮಂದಿ, ದಕ್ಷಿಣ ಏಷ್ಯಾದಲ್ಲಿ ಸುಮಾರು 50.