ಪೇಟೆಯ ಸುಧಾರಣೆ ಯಾರಿಗಾಗಿ?

ಬೈಲಹೊಂಗಲದ ಬಜಾರ ಸುಧಾರಿಸಬೇಕೆಂದರೆ ನಾವು ಬೇಡವೆನ್ನುವವರಲ್ಲ. ಗಟಾರು, ಬೀದಿದೀಪ, ಹೆಣ್ಣುಮಕ್ಕಳಿಗೊಂದು ಶೌಚಾಲಯ ಬೇಕೇ ಬೇಕು. ಅಂಗಡಿಕಾರರೇ ವಂತಿಗೆ ಹಾಕಿ ತಮ್ಮ ಪೇಟೆ ನೋಡಿಕೊಳ್ಳುವ ಪದ್ಧತಿ 1970ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶುರುವಾಯಿತು. ಅಲ್ಲಿ ನಗರಾಡಳಿತವೇ ಆ ಹಣ ವಸೂಲು ಮಾಡಿ ವರ್ತಕರ ಮಂಡಳಿಗೆ ಕೊಡುತ್ತದೆ. ಒಳ್ಳೆಯದೇ.

ಆದರೆ ವಂತಿಗೆ ಕೊಟ್ಟವನಿಗಷ್ಟೇ ಮಾತು ಎಂಬ ನಿಯಮ ಇಲ್ಲಿಗೂ ಬಂದರೆ, ಬಾಳೆಹಣ್ಣಿನ ಗಾಡಿಯ ಬಾಗವಾನ, ರಾಮದುರ್ಗದ ಸಂತೆಯ ಬಳೆಗಾರ್ತಿ, ಸವದತ್ತಿಯಲ್ಲಿ ಎಲ್ಲಮ್ಮನ ಜಾತ್ರೆಗೆ ಭಂಡಾರ-ಕುಂಕುಮ ಇಟ್ಟುಕೊಂಡು ಕೂರುವವರು ಎಲ್ಲಿಗೆ ಹೋಗಬೇಕು? ಸಂತೆಯ ದಿನ ಇವರಿಂದಲೂ ಸುಂಕ ವಸೂಲಾಗುತ್ತದೆ. ಅದಕ್ಕೆ ಮಾತ್ರ ಯಾರ ತಕರಾರೂ ಇಲ್ಲ! ಪೇಟೆ ಚೆಂದಗೊಳಿಸುವ ಮಾತು ಬಂದಾಗಲೆಲ್ಲ ಮೊದಲು ಎತ್ತಂಗಡಿಯಾಗುವುದು ಇವರ ಗಾಡಿ, ಬುಟ್ಟಿಗಳೇ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಚುನಾಯಿಸಿದವರಾಗಿರಬೇಕು; ಅವರಲ್ಲಿ ಮೂರರಲ್ಲೊಬ್ಬರು ಮಹಿಳೆ.

ಕಿತ್ತೂರಿನಲ್ಲಾಗಲಿ ಬೈಲಹೊಂಗಲದಲ್ಲಾಗಲಿ, ವರ್ತಕ ಬಂಧುಗಳು ಮಂಡಳಿ ಕಟ್ಟಲಿ. ಅಲ್ಲಿಯೂ ಈ ಶೇ. 40ರ ಕುರ್ಚಿಗಳನ್ನು ಹಾಕಿಸಿದ ಮೇಲೆಯೇ ಮೊದಲ ಸಭೆ ಕರೆಯಲಿ.