ಗೌರವಧನ ಕೊಟ್ಟರು, ಗೌರವ ಎಲ್ಲಿ?

ನಮ್ಮೂರ ಅಂಗನವಾಡಿ ಟೀಚರಿಗೆ ಇಪ್ಪತ್ತಾರು ವರ್ಷ. ಪಿಯುಸಿ ಓದಿದವಳು, ನಮ್ಮ ಕೇರಿಯವಳು, ವರಸೆಯಲ್ಲಿ ನನಗೆ ಅಕ್ಕ. ಹಬ್ಬಕ್ಕೆ ಊರಿಗೆ ಹೋದಾಗ ಅವಳು ಹೇಳಿದ್ದು: "ರಾತ್ರಿ ನಿದ್ದೆ ಬರಾಕಿಲ್ಲ ಕನ್ಲಾ. ಬೆಳಿಗ್ಗೆ ಬೀಗ ತೆಗಿಬೇಕಾದ್ರೆ ಕೈ ನಡುಗ್ತವೆ." ಮನೆಯವರು ತಾಯಿತ ಕಟ್ಟಿಸಿದರು. ಮೇಲಿನವರು ಮೈಗಳ್ಳಿ ಅಂದರು.

ನಾನು ಕೇಳ್ತೇನೆ, ಕೈ ಯಾಕೆ ನಡುಗಬಾರದು? ಮಕ್ಕಳಿಗೆ ಹಾಡು ಹೇಳಬೇಕು, ತೂಕ ನೋಡಬೇಕು, ಬಸುರಿ ಬಾಣಂತಿಯರ ಮನೆ ಸುತ್ತಬೇಕು, ರಿಜಿಸ್ಟರು ಬರೀಬೇಕು. 2021ರಿಂದ ಪೋಷಣ್ ಟ್ರ್ಯಾಕರ್ ಅನ್ನೋ ಮೊಬೈಲ್ ಲೆಕ್ಕ ಬೇರೆ. ನೆಟ್‌ವರ್ಕ್ ಸಿಗದಿದ್ದರೆ ತಪ್ಪು ಅವಳದ್ದೇ. ಮಗುವಿನ ತೂಕ ಇಳಿದರೆ ಬೈಗುಳ ಅವಳಿಗೇ. ಆ ಮಗುವಿನ ಅಪ್ಪನಿಗೆ ಸರಿಯಾಗಿ ಕೂಲಿ ಕೊಡದವನನ್ನು ಕೇಳೋರೇ ಇಲ್ಲ.

ಇದರ ಮೇಲೆ ಜಾತಿ. ಮೇಲಿನ ಬೀದಿಯವರು ಮಕ್ಕಳನ್ನು ಕಳಿಸ್ತಾರೆ, ಊಟದ ಹೊತ್ತಿಗೆ ಮುಂಚೆ ಕರಕೊಂಡು ಹೋಗ್ತಾರೆ. ಕಾರಣ ಬಾಯಿ ಬಿಟ್ಟು ಹೇಳಲ್ಲ. ಈವರೆಗೆ ತನ್ನ ಮಡಿಲಲ್ಲಿದ್ದ ಮೂರು ವರ್ಷದ ಕೂಸು ಅನ್ನ ಮುಟ್ಟದೆ ಎದ್ದು ಹೋಗೋದನ್ನು ದಿನಾ ನೋಡೋದು ಗಾಯ ಅಲ್ಲವೇ? ಈ ಗಾಯಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ.

1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಇದು. ಇವತ್ತಿಗೂ ಸರ್ಕಾರದ ಬಾಯಲ್ಲಿ ಅವಳು ನೌಕರಳಲ್ಲ, 'ಗೌರವ ಕಾರ್ಯಕರ್ತೆ'. 2018ರಲ್ಲಿ ಕೇಂದ್ರ ಗೊತ್ತು ಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ರಾಜ್ಯ ಅದಕ್ಕೆ ತನ್ನ ಪಾಲು ಸೇರಿಸ್ತದೆ. 2006ರಲ್ಲಿ ಕರ್ನಾಟಕದ ಅಮೀರ್‌ಬಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದು ಸರ್ಕಾರಿ ಹುದ್ದೆಯಲ್ಲ ಅಂದಿತು. ಆದರೆ 2022ರಲ್ಲಿ, ಗುಜರಾತಿನ ಹೆಂಗಸರು ಹೂಡಿದ ಮೊಕದ್ದಮೆಯಲ್ಲಿ, ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಅಂತ ಅದೇ ಕೋರ್ಟು ಹೇಳಿತು. ಹೋರಾಡದೆ ಅದು ಬರಲಿಲ್ಲ.

ಅಕ್ಕನ ಕಾಯಿಲೆ ಅವಳ ತಲೆಯೊಳಗೆ ಹುಟ್ಟಿದ್ದಲ್ಲ. ಹಾಗಂತ ಹೋರಾಟ ಮುಗಿಯೋವರೆಗೂ ಅವಳು ನಿದ್ದೆಗೆಡಬೇಕಾಗಿಲ್ಲ. 2022ರಿಂದ ಟೆಲಿ ಮಾನಸ್ ಇದೆ, 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹೋದವರೆಲ್ಲ ಹುಚ್ಚರಲ್ಲ. ಮಾತ್ರೆ ನಿದ್ದೆ ಕೊಟ್ಟೀತು, ಸಂಬಳ ಕೊಡಲಾರದು. ಸಂಘ ಸಂಬಳ ಕೇಳೀತು, ನಡುರಾತ್ರಿ ಪಕ್ಕದಲ್ಲಿ ಕೂರಲಾರದು. ಅವಳಿಗೆ ಎರಡೂ ಬೇಕು.

ಹಾಸ್ಟೆಲಿನ ಗೆಳೆಯರೇ, ಹಾಸ್ಟೆಲಿನ ಅನ್ನಕ್ಕೂ ಮುಂಚೆ ನಮ್ಮಲ್ಲಿ ಎಷ್ಟೋ ಜನ ಉಂಡಿದ್ದು ಅಂಗನವಾಡಿಯ ಅನ್ನ. 'ಅ' ತಿದ್ದಿಸಿದ ಕೈ ಅದು. ಈ ಸಲ ಊರಿಗೆ ಹೋದಾಗ ಅಲ್ಲಿ ಒಂದು ಗಂಟೆ ಕೂತು ಬನ್ನಿ. ಆ ಮೊಬೈಲಿನ ಲೆಕ್ಕ ತುಂಬಿಕೊಡಿ. ಮಕ್ಕಳ ಜೊತೆ ಎಲೆ ಹಾಕಿಸಿಕೊಂಡು ಊರಿಗೆಲ್ಲ ಕಾಣೋ ಹಾಗೆ ಉಣ್ಣಿ. ಅವರು ಧರಣಿ ಕೂತಾಗ ಪಕ್ಕದಲ್ಲಿ ಕೂರಿ.

ನಡುಗೋ ಕೈಯನ್ನು ಇನ್ನೊಂದು ಕೈ ಹಿಡಿಯಬೇಕು. ಆ ಕೈ ನಮ್ಮದಾಗಲಿ.